ನಗರ ಮಧ್ಯದ ಲಘು ರೈಲು ನಿಲ್ದಾಣ ತಡವಾಗುತ್ತಿದೆ, ಸಭೆಯಲ್ಲಿ ಏನು ಕೇಳಬೇಕು?

ಪ್ರಶ್ನೆ

ನಮ್ಮ ನಗರದ ವ್ಯಾಪಾರ ಕೇಂದ್ರದ ನಡುವೆ ಲಘು ರೈಲು ಮಾರ್ಗದ ನೆಲದಡಿಯ ನಿಲ್ದಾಣವೊಂದು ಬರಬೇಕಾಗಿದೆ. ವಿನ್ಯಾಸವೇ ಗೊತ್ತುಪಡಿಸಿದ ಅವಧಿಗಿಂತ ಎರಡು ವರ್ಷ ಹೆಚ್ಚು ತೆಗೆದುಕೊಂಡಿತು. ಈಗ ರಸ್ತೆ ಅಗೆದು ಹದಿನಾಲ್ಕು ತಿಂಗಳಾದರೂ ನಿಲ್ದಾಣದ ಗೋಡೆಯ ಕೆಲಸ ಶುರುವಾಗಿಲ್ಲ, ಮೂರು ತಿಂಗಳಿಗೊಮ್ಮೆ ಹೊಸ ದಿನಾಂಕ ಮಾತ್ರ ಬರುತ್ತಿದೆ. ಯೋಜನೆಯ ನಾಗರಿಕ ಸಲಹಾ ಸಮಿತಿಗೆ ನಾನು ಹೊಸದಾಗಿ ಸೇರಿದ್ದೇನೆ, ಎಂಜಿನಿಯರ್ ಅಲ್ಲ. ಯಾವ ಪ್ರಶ್ನೆ ಕೇಳಿದರೆ ನಿಜಸ್ಥಿತಿ ತಿಳಿದೀತು ಎಂಬುದನ್ನು ಇಂತಹ ಕೆಲಸದಲ್ಲಿ ಇದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೊಳವೆ ಮತ್ತು ಕೇಬಲ್‌ಗಳ ಸ್ಥಳಾಂತರದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು

ಮೇಡಂ, ರಸ್ತೆ ಅಗೆದು ಹದಿನಾಲ್ಕು ತಿಂಗಳಾದರೂ ಗೋಡೆ ಶುರುವಾಗಿಲ್ಲ ಎಂದರೆ ಅಲ್ಲಿ ಇನ್ನೂ ನಡೆಯುತ್ತಿರುವುದು ನಿಲ್ದಾಣದ ಕೆಲಸವಲ್ಲ, ನಿಲ್ದಾಣಕ್ಕೆ ಜಾಗ ಬಿಡಿಸುವ ಕೆಲಸ ಎಂದೇ ನಾನು ತಿಳಿಯುತ್ತೇನೆ. ಹಳೆಯ ನಗರದ ಮುಖ್ಯ ರಸ್ತೆಯ ಕೆಳಗೆ ನೀರಿನ ಕೊಳವೆ, ಒಳಚರಂಡಿ, ಮಳೆನೀರಿನ ಕಾಲುವೆ, ಅನಿಲದ ಕೊಳವೆ, ವಿದ್ಯುತ್ ಕೇಬಲ್, ದೂರವಾಣಿ ಕೇಬಲ್ ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ಕೈಯಿಂದ, ಒಬ್ಬರಿಗೊಬ್ಬರು ಹೇಳದೆ ಕೇಳದೆ ಹಾಕಿದವು. ಅವುಗಳ ನಕ್ಷೆ ಇರುತ್ತದೆ. ಆದರೆ ಆ ನಕ್ಷೆಯಲ್ಲಿ ಕಾಣುವುದು ಕೊಳವೆಯನ್ನು ಎಲ್ಲಿ ಹಾಕಬೇಕೆಂದುಕೊಂಡಿದ್ದರು ಎಂಬುದೇ ಹೊರತು ಅದು ಎಲ್ಲಿದೆ ಎಂಬುದಲ್ಲ.

ನಾನು ಕಣ್ಣಾರೆ ಕಂಡ ಒಂದನ್ನು ಹೇಳುತ್ತೇನೆ. ಒಂದು ನಿಲ್ದಾಣದ ಪ್ರವೇಶದ್ವಾರ ಬರಬೇಕಾದ ಜಾಗದಲ್ಲಿ ರಾತ್ರಿ ಹನ್ನೊಂದಕ್ಕೆ ಸಂಚಾರ ನಿಲ್ಲಿಸಿ ಪರೀಕ್ಷಾ ಗುಂಡಿ ತೆಗೆದೆವು. ನಕ್ಷೆಯ ಪ್ರಕಾರ ಬೀಡುಕಬ್ಬಿಣದ ನೀರಿನ ಕೊಳವೆ ಎರಡು ಮೀಟರ್ ಆಳದಲ್ಲಿರಬೇಕಿತ್ತು. ಡಾಂಬರು ಒಡೆದು ಮೊಣಕಾಲಿನಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಹಾರೆಗೆ ಟಣ್ ಎಂಬ ಸದ್ದು ಬಂತು. ಸೀಸ ತುಂಬಿದ ಹಳೆಯ ಕೀಲಿನ ಸುತ್ತ ಮಣ್ಣು ಒದ್ದೆಯಾಗಿತ್ತು, ಅಂದರೆ ಅದು ಆಗಲೇ ಸಣ್ಣಗೆ ಜಿನುಗುತ್ತಿತ್ತು. ಅದರ ಪಕ್ಕದಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ, ಗೋಣಿ ಸುತ್ತಿದ ದಪ್ಪ ಕೇಬಲ್ ಒಂದಿತ್ತು. ಅದರಲ್ಲಿ ವಿದ್ಯುತ್ ಇಲ್ಲ ಎಂದು ಎಲ್ಲರೂ ಬಾಯಲ್ಲಿ ಹೇಳಿದರು, ಬರೆದು ಸಹಿ ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಆ ಒಂದು ಸಹಿಗಾಗಿ ಹನ್ನೊಂದು ವಾರ ಕಾದೆವು. ಅಷ್ಟೂ ದಿನ ಆ ಗುಂಡಿಯ ಮೇಲೆ ಉಕ್ಕಿನ ಹಲಗೆ ಹಾಸಿತ್ತು, ಅದರ ಮೇಲೆ ವಾಹನಗಳು ಓಡುತ್ತಿದ್ದವು, ಕೆಲಸ ನಡೆಯುತ್ತಿಲ್ಲವೆಂದು ಜನ ಬೈಯುತ್ತಿದ್ದರು. ಜನರ ಸಿಟ್ಟು ನ್ಯಾಯವಾದದ್ದೇ. ಆ ಗುಂಡಿಯನ್ನು ಟೆಂಡರಿಗೆ ಎರಡು ವರ್ಷ ಮೊದಲೇ ತೆಗೆಯಬಹುದಾಗಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ಎಲ್ಲ ಕೊಳವೆಗಳೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ ಎಂಬುದನ್ನು ಸಮಿತಿಯವರು ತಿಳಿದಿರುವುದು ಒಳ್ಳೆಯದು. ನೀರಿನ ಕೊಳವೆಯೊಳಗೆ ಒತ್ತಡವಿರುವುದರಿಂದ ಅದನ್ನು ಮೇಲೆ ಕೆಳಗೆ ಬಾಗಿಸಿ ಒಯ್ಯಬಹುದು, ಆದರೆ ಹೊಸ ಕೊಳವೆಗೆ ಜೋಡಿಸುವಾಗ ನೀರು ನಿಲ್ಲಿಸಬೇಕಾಗುತ್ತದೆ, ಬೇಡಿಕೆ ಹೆಚ್ಚಿರುವ ತಿಂಗಳುಗಳಲ್ಲಿ ಅದಕ್ಕೆ ಅನುಮತಿ ಸಿಗುವುದಿಲ್ಲ. ದೂರವಾಣಿ ಕೇಬಲ್‌ಗಳು ತೆಳ್ಳಗಿದ್ದರೂ ಒಂದೊಂದು ಎಳೆಯನ್ನೂ ಬೆಸೆದು, ಸೇವೆ ಕಡಿಯದಂತೆ ಹೊಸದಕ್ಕೆ ದಾಟಿಸಬೇಕು. ಎಲ್ಲಕ್ಕಿಂತ ಹಟಮಾರಿ ಎಂದರೆ ಒಳಚರಂಡಿ. ಅದು ಇಳಿಜಾರಿನ ಬಲದಿಂದಲೇ ಹರಿಯುವುದರಿಂದ, ನಿಲ್ದಾಣದ ಗೋಡೆಗೆ ಅಡ್ಡ ಬಂತೆಂದು ನಾಲ್ಕು ಮೀಟರ್ ಪಕ್ಕಕ್ಕೆ ಸರಿಸಲು ಹೋದರೆ ಇಳಿಜಾರು ಸರಿಹೊಂದಿಸಲು ಮುಂದಿನ ಎಷ್ಟೋ ಮ್ಯಾನ್‌ಹೋಲ್‌ಗಳನ್ನು ಮರುಕಟ್ಟಬೇಕಾಗುತ್ತದೆ, ಕೆಲಸ ನಿಲ್ದಾಣದ ಗಡಿ ದಾಟಿ ಪಕ್ಕದ ಬೀದಿಗಳಿಗೂ ಹಬ್ಬುತ್ತದೆ. ಇದಲ್ಲದೆ ಈ ಸೇವೆಗಳ ಒಡೆಯರು ತಮ್ಮ ಕೊಳವೆ ಅಥವಾ ಕೇಬಲನ್ನು ತಮ್ಮದೇ ತಂಡದಿಂದ ಸರಿಸಬೇಕೆಂದು ಹೇಳುವುದು ಸಾಮಾನ್ಯ. ಹಣ ಕೊಡುವವರು ರೈಲಿನವರು, ಕೆಲಸದ ಸರದಿ ಹಚ್ಚುವವರು ಇನ್ನೊಬ್ಬರು.

ಇದು ಯಾವುದೋ ಒಂದು ಊರಿನ ದುರದೃಷ್ಟವಲ್ಲ. ಎಡಿನ್‌ಬರೋ ನಗರದ ಟ್ರಾಮ್ ಯೋಜನೆಯಲ್ಲಿ ವಿನ್ಯಾಸ ಮುಗಿಸಿ, ನೆಲದಡಿಯ ಸೇವೆಗಳನ್ನು ಸರಿಸಿದ ಮೇಲೆ ಹಳಿಯ ಗುತ್ತಿಗೆ ಕೊಡಬೇಕೆಂಬ ಲೆಕ್ಕಾಚಾರವಿತ್ತು. ಅವೆರಡೂ ಮುಗಿಯುವ ಮೊದಲೇ 2008ರಲ್ಲಿ ಗುತ್ತಿಗೆಗೆ ಸಹಿ ಬಿತ್ತು. 2011ರಲ್ಲಿ ಓಡಬೇಕಾಗಿದ್ದ ಟ್ರಾಮ್ ಓಡಿದ್ದು 2014ರ ಮೇ 31ರಂದು, ಅದೂ ಮೊಟಕುಗೊಳಿಸಿದ ಮಾರ್ಗದಲ್ಲಿ, 77.6 ಕೋಟಿ ಪೌಂಡ್ ವೆಚ್ಚದಲ್ಲಿ. ಸಿಡ್ನಿಯ ನಗರ ಮಧ್ಯದ ಮಾರ್ಗದಲ್ಲಿ ವಿದ್ಯುತ್ ಸೇವೆಯವರ ಬೇಡಿಕೆಗಳು ಗುತ್ತಿಗೆದಾರರ ಎಣಿಕೆಯನ್ನು ಮೀರಿದ್ದೇ ದೊಡ್ಡ ವಿವಾದವಾಯಿತು. 2015ರಲ್ಲಿ ಆರಂಭವಾದ ಕೆಲಸದ ಮೊದಲ ಭಾಗ 2019ರ ಡಿಸೆಂಬರಿನಲ್ಲಿ ಮುಗಿಯಿತು, ಅದೇ ವರ್ಷ ಸರ್ಕಾರ 57.6 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಆ ವಿವಾದವನ್ನು ಬಗೆಹರಿಸಿಕೊಂಡಿತು. ಲಾಸ್ ಏಂಜಲೀಸ್‌ನಲ್ಲಿ ಕೇವಲ ಮೂರು ಕಿಲೋಮೀಟರಿನ, ಮೂರು ಹೊಸ ನಿಲ್ದಾಣಗಳ ಭೂಗತ ಜೋಡಣೆ 2014ರಲ್ಲಿ ಆರಂಭವಾಗಿ 2023ರ ಜೂನ್‌ವರೆಗೆ ನಡೆಯಿತು. ಸುತ್ತಲಿನ ಎತ್ತರದ ಕಟ್ಟಡಗಳ ತಳಪಾಯ ತೋಡುವಾಗ ಮಣ್ಣಿನೊಳಗೆ ಬಿಟ್ಟುಹೋಗಿದ್ದ ಉಕ್ಕಿನ ಸರಳುಗಳು ಫ್ಲವರ್ ಬೀದಿಯ ಕೆಳಗೆ ಇದ್ದುದರಿಂದ, ಅಲ್ಲಿ ಸುರಂಗ ಕೊರೆಯುವ ಯಂತ್ರವನ್ನು ಬಿಟ್ಟು ರಸ್ತೆಯನ್ನೇ ತೆರೆದು ಕಟ್ಟಬೇಕಾಯಿತು.

ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ನಿಲ್ದಾಣ ಯಾವಾಗ ತೆರೆಯುತ್ತದೆ ಎಂಬುದನ್ನಲ್ಲ. ನಿಲ್ದಾಣದ ಗೋಡೆಯ ಗೆರೆಗೆ ಅಡ್ಡ ಬರುವ ಕೊಳವೆ ಮತ್ತು ಕೇಬಲ್ ಒಟ್ಟು ಎಷ್ಟು, ಅವುಗಳಲ್ಲಿ ಪರೀಕ್ಷಾ ಗುಂಡಿ ತೆಗೆದು ಕಣ್ಣಿನಿಂದ ನೋಡಿದವು ಎಷ್ಟು, ನಕ್ಷೆಯನ್ನು ನಂಬಿ ಬಿಟ್ಟವು ಎಷ್ಟು ಎಂದು ಕೇಳಿ. ಈ ಮೂರು ಸಂಖ್ಯೆಗಳನ್ನು ತಕ್ಷಣ ಹೇಳಬಲ್ಲ ಎಂಜಿನಿಯರ್ ಇದ್ದರೆ ನಿಮ್ಮ ಯೋಜನೆ ತಡವಾಗಿದ್ದರೂ ಹಿಡಿತದಲ್ಲಿದೆ. ಹೇಳಲಾಗದಿದ್ದರೆ ಅವರು ಕೊಡುವ ಯಾವ ದಿನಾಂಕಕ್ಕೂ ಆಧಾರವಿಲ್ಲ.

ಉತ್ತರ: ನಿಲ್ದಾಣಗಳ ವಿನ್ಯಾಸ ಸಮನ್ವಯದಲ್ಲಿ ಕೆಲಸ ಮಾಡಿದವಳು

ಮೇಲೆ ಬರೆದವರು ಹೇಳಿದ್ದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ವಿನ್ಯಾಸ ಎರಡು ವರ್ಷ ತಡವಾಯಿತು ಎಂಬ ಮಾತನ್ನು ಹಾಗೆಯೇ ದಾಟಿ ಹೋಗಬೇಡಿ, ಏಕೆಂದರೆ ಅಲ್ಲಿನ ಕಾರಣ ಇನ್ನೂ ಜೀವಂತವಾಗಿದ್ದರೆ ಅದು ನಿರ್ಮಾಣದಲ್ಲೂ ತಲೆಯೆತ್ತುತ್ತದೆ.

ವಿನ್ಯಾಸಗಾರರು ನಿಧಾನಿಗಳು ಎಂಬ ಮಾತು ಸುಲಭವಾಗಿ ಹರಡುತ್ತದೆ. ನಾನು ಕೆಲಸ ಮಾಡಿದ ಮೂರು ನಿಲ್ದಾಣಗಳಲ್ಲಿಯೂ ನಕ್ಷೆ ಬರೆಯಲು ಹಿಡಿದ ಕಾಲಕ್ಕಿಂತ, ಬರೆದದ್ದನ್ನು ಅಳಿಸಿ ಮತ್ತೆ ಬರೆಯಲು ಹಿಡಿದ ಕಾಲ ಹೆಚ್ಚು. ಒಂದು ಉದಾಹರಣೆ ಕೊಡುತ್ತೇನೆ. ಪ್ರವೇಶದ್ವಾರವೊಂದನ್ನು ಖಾಸಗಿ ಕಟ್ಟಡದ ನೆಲಮಾಳಿಗೆಯ ಮೂಲಕ ತರುವುದೆಂದು ತೀರ್ಮಾನವಾಗಿತ್ತು. ಎಂಟು ತಿಂಗಳ ಮಾತುಕತೆಯ ಬಳಿಕ ಕಟ್ಟಡದ ಮಾಲೀಕರು ಹಿಂದೆ ಸರಿದರು. ಒಂದು ಮೆಟ್ಟಿಲನ್ನು ಆಚೆ ಬದಿಗೆ ಹಾಕಿದರಾಯಿತಲ್ಲ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಆದರೆ ಬೆಂಕಿ ಬಿದ್ದಾಗ ಪ್ಲಾಟ್‌ಫಾರ್ಮಿನಲ್ಲಿರುವ ಜನ ನಾಲ್ಕು ನಿಮಿಷದೊಳಗೆ ಪ್ಲಾಟ್‌ಫಾರ್ಮ್ ಬಿಡಬೇಕು, ಆರು ನಿಮಿಷದೊಳಗೆ ಸುರಕ್ಷಿತ ಜಾಗ ಮುಟ್ಟಬೇಕು ಎಂಬ ಅಮೆರಿಕದ ಅಗ್ನಿಸುರಕ್ಷತಾ ಮಾನದಂಡವನ್ನು ನಾವು ಪಾಲಿಸುತ್ತಿದ್ದೆವು. ಮೆಟ್ಟಿಲು ಸರಿದೊಡನೆ ಆ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು. ಲೆಕ್ಕ ಬದಲಾದಾಗ ಮೆಟ್ಟಿಲಿನ ಅಗಲ, ಹೊಗೆ ಹೊರಹಾಕುವ ಫ್ಯಾನಿನ ಗಾತ್ರ, ಆ ಫ್ಯಾನಿಗೆ ಬೇಕಾದ ವಿದ್ಯುತ್, ವಿದ್ಯುತ್ ಉಪಕರಣಗಳ ಕೋಣೆಯ ಅಳತೆ ಒಂದರ ಹಿಂದೊಂದು ಬದಲಾದವು. ಹೊಸ ಲಿಫ್ಟಿನ ಗುಂಡಿಗೆ ಸರಿಯಾಗಿ ಒಳಚರಂಡಿ ಅಡ್ಡ ಬಂತು. ಹೊರಗಿನವರಿಗೆ ಒಂದು ಮೆಟ್ಟಿಲು, ನಮಗೆ ಏಳು ತಿಂಗಳು.

ವಾಹನದ ಆಯ್ಕೆಯೂ ಹೀಗೆಯೇ. ಕೆಳನೆಲದ, ಅಂದರೆ ಬೋಗಿಯ ಒಳನೆಲ ತಗ್ಗಿನಲ್ಲಿರುವ ಲಘು ರೈಲಿಗೆ ಪ್ಲಾಟ್‌ಫಾರ್ಮ್ ಸುಮಾರು 35 ಸೆಂಟಿಮೀಟರ್ ಎತ್ತರವಿದ್ದರೆ ಸಾಕು, ಎತ್ತರದ ನೆಲದ ರೈಲಿಗೆ ಒಂದು ಮೀಟರಿನ ಹತ್ತಿರ ಬೇಕು. ಯಾವ ರೈಲು ಎಂಬುದು ಗೊತ್ತಾಗುವ ಮೊದಲೇ ನಿಲ್ದಾಣದ ವಿನ್ಯಾಸ ಮುಂದೆ ಹೋಗಿದ್ದರೆ ಅದು ಮರಳಿನ ಮೇಲೆ ಕಟ್ಟಿದ ಮನೆ.

ಹಾಗಾಗಿ ನಿಮ್ಮ ಸಮಿತಿ ಕೇಳಬೇಕಾದದ್ದು, ಇನ್ನು ಬದಲಿಸುವುದಿಲ್ಲ ಎಂದು ವಿನ್ಯಾಸಕ್ಕೆ ಬೀಗ ಹಾಕಿದ ದಿನ ಯಾವುದು, ಆ ದಿನದ ನಂತರ ಎಷ್ಟು ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ, ಕೊಟ್ಟವರು ಯಾರು ಎಂಬುದು. ಜೊತೆಗೆ ಪಕ್ಕದ ಕಟ್ಟಡಗಳ ಪೂರ್ವ ಸಮೀಕ್ಷೆ ಮುಗಿದಿದೆಯೇ ಎಂದೂ ಕೇಳಿ. ಅಗೆಯುವ ಮೊದಲು ಪ್ರತಿ ಕಟ್ಟಡದ ಒಳಗೆ ಹೋಗಿ ಈಗಾಗಲೇ ಇರುವ ಬಿರುಕುಗಳ ಫೋಟೋ ತೆಗೆದು ದಾಖಲಿಸಬೇಕು, ಅದಕ್ಕೆ ಪ್ರತಿಯೊಬ್ಬ ಮಾಲೀಕರ ಅನುಮತಿ ಬೇಕು. ಇದನ್ನು ಅವಸರದಲ್ಲಿ ಬಿಡುವಂತಿಲ್ಲ. ಕಲೋನ್ ನಗರದ ಲಘು ರೈಲು ಸುರಂಗದ ಕಾಮಗಾರಿಯಲ್ಲಿ 2009ರ ಮಾರ್ಚ್ 3ರಂದು ನಗರದ ಐತಿಹಾಸಿಕ ಪತ್ರಾಗಾರವೇ ಕುಸಿದು, ಪಕ್ಕದ ಮನೆಗಳಲ್ಲಿದ್ದ ಇಬ್ಬರು ತೀರಿಕೊಂಡರು. ನೆಲದ ಚಲನೆ ಅಳೆಯುವವರು ಕೆಲಸ ನಿಲ್ಲಿಸಿ ಎಂದಾಗ ಆಗುವ ವಿಳಂಬವನ್ನು ದಯವಿಟ್ಟು ಯಾರೂ ಆಕ್ಷೇಪಿಸಬೇಡಿ.

ಕೇಳಿದವರ ಮರುಮಾತು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ನಿರ್ಮಾಣದಲ್ಲಿ ಹೋದ ಕಾಲವನ್ನು ಕೊನೆಯ ಹಂತದ ಪರೀಕ್ಷೆಗಳಲ್ಲಿ ಉಳಿಸಿಕೊಂಡು ಹಳೆಯ ದಿನಾಂಕಕ್ಕೇ ತೆರೆಯುತ್ತೇವೆ ಎಂದು ಕಳೆದ ಸಭೆಯಲ್ಲಿ ಹೇಳಿದರು. ಇದು ಸಾಧ್ಯವೇ?

ಉತ್ತರ: ಪರೀಕ್ಷಾರ್ಥ ಓಡಾಟದ ತಂಡದಲ್ಲಿದ್ದವನು

ಕಾಗದದ ಮೇಲೆ ಸಾಧ್ಯ. ಒಪ್ಪಬೇಡಿ ಎಂದು ನನ್ನ ಕಳಕಳಿಯ ವಿನಂತಿ. ಸಿವಿಲ್ ಕೆಲಸದವರು ತಡಮಾಡಿದ ಪ್ರತಿ ವಾರವನ್ನೂ ಕೊನೆಯಲ್ಲಿ ಬರುವ ನಮ್ಮಿಂದ ಕಿತ್ತುಕೊಳ್ಳುತ್ತಾರೆ. ಸಿಗ್ನಲ್, ವಿದ್ಯುತ್, ಬಾಗಿಲು, ಸಂಪರ್ಕ ವ್ಯವಸ್ಥೆ ಇವು ಒಂದೊಂದಾಗಿ ಸರಿಯಿದ್ದರೂ ಕೂಡಿ ನಡೆಯುವಾಗ ತಪ್ಪುತ್ತವೆ, ಆ ತಪ್ಪು ಹೊರಬೀಳುವುದು ದಿನಗಟ್ಟಲೆ ರೈಲು ಓಡಿಸಿದಾಗ ಮಾತ್ರ.

ಒಟ್ಟಾವಾ ನಗರದ ಮಾರ್ಗವನ್ನು ನೋಡಿ. 2016ರ ಜೂನ್ 8ರಂದು ರಿಡೋ ನಿಲ್ದಾಣದ ಸುರಂಗ ಕೆಲಸದ ಹತ್ತಿರ ರಸ್ತೆ ಕುಸಿದು ದೊಡ್ಡ ಗುಂಡಿಯಾಯಿತು, ನಿಲ್ಲಿಸಿದ್ದ ವ್ಯಾನೊಂದು ಅದರೊಳಗೆ ಬಿತ್ತು. 2018ರಲ್ಲಿ ತೆರೆಯಬೇಕಿದ್ದ ಮಾರ್ಗ 2019ರ ಸೆಪ್ಟೆಂಬರಿಗೆ ಹೋಯಿತು. ಪರೀಕ್ಷಾರ್ಥ ಓಡಾಟದ ನಡುವೆಯೇ ತೇರ್ಗಡೆಯ ಮಟ್ಟವನ್ನು ಶೇಕಡಾ 98ರಿಂದ 96ಕ್ಕೆ ಇಳಿಸಿದ್ದನ್ನು 2022ರ ಸಾರ್ವಜನಿಕ ವಿಚಾರಣೆಯ ವರದಿ ಟೀಕಿಸಿತು. ತೆರೆದ ಮೇಲೆ ಬಾಗಿಲುಗಳು ಕೈಕೊಟ್ಟವು, 2021ರಲ್ಲಿ ರೈಲು ಎರಡು ಬಾರಿ ಹಳಿ ತಪ್ಪಿತು.

ಪರಿಶೀಲನೆ ಕೊನೆಗೇ ಉಳಿಯಬಾರದು ಎಂಬುದಕ್ಕೂ ಸಾಕ್ಷಿಗಳಿವೆ. ಸಿಯಾಟಲ್‌ನಲ್ಲಿ 1990ರ ಬಸ್ ಸುರಂಗದೊಳಗೆ ಮುಂದೆಂದೋ ಬರುವ ರೈಲಿಗೆಂದು ಹಳಿ ಹಾಕಿಟ್ಟಿದ್ದರು. ಅವಕ್ಕೆ ವಿದ್ಯುತ್ ನೆಲಕ್ಕೆ ಸೋರದಂತೆ ತಡೆಯುವ ಸರಿಯಾದ ಹೊದಿಕೆ ಇರಲಿಲ್ಲ, 2005ರಿಂದ ಎರಡು ವರ್ಷ ಸುರಂಗ ಮುಚ್ಚಿ ನಡೆಸಿದ ನವೀಕರಣದಲ್ಲಿ ಅವನ್ನು ಕಿತ್ತು ಹೊಸದಾಗಿ ಹಾಕಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕೇಂದ್ರ ಸುರಂಗ ಮಾರ್ಗದಲ್ಲಿ ಒಪ್ಪಂದದಲ್ಲಿದ್ದಕ್ಕಿಂತ ಕಡಿಮೆ ಗಟ್ಟಿಯ ಉಕ್ಕಿನ ಹಳಿ ಹಾಕಿದ್ದು 2018ರಲ್ಲಿ ಗೊತ್ತಾಗಿ ಅದನ್ನು ಬದಲಿಸಿದರು. ಆ ಮಾರ್ಗ ತೆರೆಯಬೇಕೆಂದಿದ್ದದ್ದು 2018ರಲ್ಲಿ, ತೆರೆದದ್ದು 2022ರ ನವೆಂಬರಿನಲ್ಲಿ.

ಪರೀಕ್ಷಾರ್ಥ ಓಡಾಟಕ್ಕೆ ಎಷ್ಟು ದಿನ ಎಂದು ಮೂಲ ಒಪ್ಪಂದದಲ್ಲಿತ್ತು, ಈಗಿನ ವೇಳಾಪಟ್ಟಿಯಲ್ಲಿ ಎಷ್ಟಿದೆ ಎಂಬ ಎರಡು ಅಂಕಿಗಳನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ಸಭೆಯ ನಡವಳಿಯಲ್ಲಿ ದಾಖಲಿಸಿ. ಎರಡನೆಯದು ಚಿಕ್ಕದಾಗಿದ್ದರೆ, ಕಡಿಮೆ ಮಾಡಲು ಒಪ್ಪಿದವರ ಹುದ್ದೆ ಯಾವುದು, ಒಪ್ಪಿದ ದಿನ ಯಾವುದು ಎಂಬುದನ್ನೂ ಅದರ ಕೆಳಗೇ ಬರೆಸಿಕೊಳ್ಳಿ.