ಸಹಾಯ ಬೇಕು: ಹೈಬ್ರಿಡ್ ಕಾರಿನ ಬ್ರೇಕ್ ರೀಕಾಲ್ ಕುರಿತು

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು. ನಾನು ಸೆಕೆಂಡ್ ಹ್ಯಾಂಡ್ ಕೊಂಡ ಹೈಬ್ರಿಡ್ (ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ) ಕಾರಿನ ಬ್ರೇಕಿನಲ್ಲಿ ದೋಷವಿದೆ, ರಿಪೇರಿಗೆ ತನ್ನಿ ಎಂದು ಕಂಪನಿ ಬರೆದ ರೀಕಾಲ್ ಪತ್ರವು ಹಿಂದಿನ ಮಾಲೀಕರ ವಿಳಾಸಕ್ಕೆ ಹೋಗಿದ್ದು, ಅವರು ಅದರ ಫೋಟೊ ಕಳಿಸಿದ ಮೇಲೆಯೇ ನನಗೆ ವಿಷಯ ತಿಳಿಯಿತು.

ಅದಕ್ಕೂ ಮೊದಲೇ, ಅವ್ವನನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ಯುವಾಗ, ಕೊಲ್ಹಾರದ ಸೇತುವೆಗೆ ಸ್ವಲ್ಪ ಮುಂಚೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್ ಕಂಡು ಬ್ರೇಕ್ ಒತ್ತಿದೆ. ಚಕ್ರ ತಗ್ಗಿಗೆ ಇಳಿದ ಕ್ಷಣದಲ್ಲಿ ಹಿಡಿತ ತಪ್ಪಿ ಕಾರು ಮುಂದಕ್ಕೆ ಜಾರಿತು. ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ತುದಿಗಳು ಬಾನೆಟ್‌ಗೆ ತಾಗಿದ ಮೇಲೆ ನಿಂತಿತು. ಅವ್ವನ ಕೈ ನಡುಗುತ್ತಿದ್ದುದು ಇನ್ನೂ ಕಣ್ಣ ಮುಂದಿದೆ.

ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ತುಂಬಿಸುತ್ತ ವೇಗ ತಗ್ಗಿಸುವ ಮೋಟಾರಿಗೂ ಎಣ್ಣೆಯ ಒತ್ತಡದ ಮಾಮೂಲಿ ಬ್ರೇಕಿಗೂ ನಡುವೆ ಕಂಪ್ಯೂಟರೇ ಹೊಂದಾಣಿಕೆ ಮಾಡುತ್ತದೆ. 2010ರಲ್ಲಿ ಟೊಯೋಟಾ ತನ್ನ ಪ್ರಿಯಸ್ ಕಾರುಗಳನ್ನು ಹಿಂದಕ್ಕೆ ಕರೆಸಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಸಾಫ್ಟ್‌ವೇರ್ ಸರಿಪಡಿಸಿದ್ದೂ ತಗ್ಗು ದಿನ್ನೆಗಳಲ್ಲಿ ಹೀಗೆ ಹಿಡಿತ ತಪ್ಪುವ ದೂರುಗಳಿಂದಲೇ. ನನ್ನದು ಬೇರೆ ಕಂಪನಿಯ ಕಾರು.

ಬೆಳಗಾವಿಯ ಸರ್ವಿಸ್ ಕೇಂದ್ರದವರು ಬಿಡಿಭಾಗ ಬರಲು ಎರಡು ತಿಂಗಳಾಗುತ್ತದೆ, ಅಲ್ಲಿಯವರೆಗೆ ನಿಧಾನವಾಗಿ ಓಡಿಸಿ ಎನ್ನುತ್ತಾರೆ. ಬ್ರೇಕಿನ ವಿಷಯದಲ್ಲಿ ಇದು ಒಪ್ಪತಕ್ಕ ಉತ್ತರವಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮು ರೀಕಾಲ್ ಕುರಿತದ್ದೇ ಆಗಿರುವುದರಿಂದ, ಅದರಡಿ ದೂರು ಕೊಟ್ಟ ಅನುಭವವಿದ್ದವರು ದಯವಿಟ್ಟು ಕ್ರಮ ತಿಳಿಸಿರಿ. ಕಂಪನಿಯ ದಾಖಲೆಯಲ್ಲಿ ಚಾಸಿಸ್ ನಂಬರಿನ ಎದುರು ನನ್ನ ವಿಳಾಸ ಸೇರಿಸುವುದು ಹೇಗೆ? ಕಾರನ್ನು ಬೆಳಗಾವಿಗೆ ಟೋ ಮಾಡಿಸಿದ ಖರ್ಚನ್ನು ಯಾರಿಗಾದರೂ ಕಂಪನಿ ಕೊಟ್ಟಿದೆಯೇ? ಸದ್ಯ ಕಾರನ್ನು ಮನೆಯ ಮುಂದೆ ನಿಲ್ಲಿಸಿದ್ದೇನೆ. ಅವ್ವನನ್ನು ಬಸ್ಸಿನಲ್ಲೇ ಕರೆದೊಯ್ಯುತ್ತಿದ್ದೇನೆ.