ಮಕ್ಕಳ ಡಾಕ್ಟರನ್ನು ಕೇಳಿ: ಈ ವಾರ ವೇಪ್, ಅಂದರೆ ಇ-ಸಿಗರೇಟ್ (ಕ್ಯಾಲಿಫೋರ್ನಿಯಾ ಕನ್ನಡ ಪೋಷಕರ ಗುಂಪು)

ಫ್ರೀಮಾಂಟ್ ತಾಯಿ: ವೇಪ್ ಎಂದರೆ ಬರೀ ನೀರಿನ ಹಬೆ ಎನ್ನುತ್ತಾನೆ ಮಗ. ನಿಜವೇ ಡಾಕ್ಟರೇ?

ಡಾಕ್ಟರ್: ಅಲ್ಲ. ಹೆಚ್ಚಿನವುಗಳಲ್ಲಿ ನಿಕೋಟಿನ್ ಇರುತ್ತದೆ. ಎಳೆಯರಿಗೆ ಬೇಗ ಚಟ ಹತ್ತುತ್ತದೆ.

ಸ್ಯಾನ್ ಹೋಸೆ ತಾಯಿ: ಹದಿನಾರರ ಮಗ, ಈಜುಗಾರ. ಎರಡು ವಾರದಿಂದ ಕೆಮ್ಮು, ವಾಂತಿ. ಅರ್ಧ ಕೊಳ ದಾಟುವಷ್ಟರಲ್ಲಿ ಏದುಸಿರು. ಅವನ ಚೀಲದಲ್ಲಿ ಒದ್ದೆ ಟವೆಲಿನೊಳಗೆ ಮಾವಿನ ವಾಸನೆಯ ವೇಪ್ ಸಿಕ್ಕಿತು. ಸೋಮವಾರ ಕೋಚ್‌ಗೆ ಹೇಳಲೇ?

ಡಾಕ್ಟರ್: ಕೋಚ್ ಆಮೇಲೆ ಅಮ್ಮಾ, ಈಗಲೇ ತುರ್ತು ಚಿಕಿತ್ಸೆಗೆ ಹೊರಡಿ. ರಕ್ತದ ಆಮ್ಲಜನಕ ನೋಡಬೇಕು, ಎದೆಯ ಎಕ್ಸ್-ರೇ ತೆಗೆಯಬೇಕು. ವೇಪ್ ವಿಷಯ ಮುಚ್ಚಿಟ್ಟರೆ ನ್ಯುಮೋನಿಯಾ ಎಂದು ಮಾತ್ರೆ ಕೊಟ್ಟು ಕಳುಹಿಸಿಯಾರು. 2019ರಲ್ಲಿ ಈ ದೇಶದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಕೆಟ್ಟಾಗ ಅನೇಕರಿಗೆ ವಾಂತಿಯೂ ಇತ್ತು. 2020ರ ಫೆಬ್ರವರಿ ಹೊತ್ತಿಗೆ ಪ್ರಕರಣ 2,807, ಸಾವು 68. ಹೆಚ್ಚಿನವರು ಸೇದಿದ್ದು ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ಎಣ್ಣೆ. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮೇಲೆಯೇ ಮುಖ್ಯ ಅನುಮಾನ ಬಿತ್ತು. ಹಾಗಾಗಿ ಏನು ಸೇದಿದ, ಯಾರು ಕೊಟ್ಟರು ಎಂದು ಬೈಯದೆ ಕೇಳಿ. ಬೈದರೆ ಬಾಯಿ ಬಿಡುವುದಿಲ್ಲ. ಆ ವೇಪನ್ನೂ ತೆಗೆದುಕೊಂಡು ಹೋಗಿ.

ಒಬ್ಬ ಸದಸ್ಯರು: ಬಂದದ್ದನ್ನು ಕಳುಹಿಸುತ್ತಿದ್ದೇನೆ: ಓಂಕಾಳಿನ ಹಬೆ, ಜೇನು, ಅರಿಶಿನ. ಮೂರೇ ದಿನದಲ್ಲಿ ಶ್ವಾಸಕೋಶ ಶುದ್ಧ.

ಡಾಕ್ಟರ್: ಅಳಿಸಿ. ಉಸಿರಿಗೆ ಒದ್ದಾಡುವ ಹುಡುಗನನ್ನು ಮೂರು ದಿನ ಮನೆಯಲ್ಲಿ ಕೂರಿಸುವ ಸಲಹೆ ಇದು. ಎಷ್ಟು ಸಲ ಹೇಳಬೇಕು?

ಸನ್ನಿವೇಲ್ ತಂದೆ: ಇಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. 2022ರ ಡಿಸೆಂಬರ್‌ನಿಂದ ಅಂಗಡಿಗಳಲ್ಲಿ ಮಾವಿನಂಥ ರುಚಿಯವೂ ಇರಬಾರದು. ಮತ್ತೆ ಇದು ಎಲ್ಲಿಂದ ಬಂತು?

ಡಬ್ಲಿನ್ ಸದಸ್ಯರು: ಕರ್ನಾಟಕ 2016ರಲ್ಲೇ ನಿಷೇಧಿಸಿತು, 2019ರಲ್ಲಿ ಇಡೀ ಭಾರತ. ನಿಂತಿತೇ? ಮನೆಯವರು ಕಣ್ಣಿಡಬೇಕು.

ಸನ್ನಿವೇಲ್ ತಂದೆ: ಆ ತಾಯಿ ಸಂಕಟದಲ್ಲಿರುವಾಗ ಉಪದೇಶ ಬೇಡ ಸ್ವಾಮಿ. ಕಾನೂನಿನಿಂದಲೂ ಆಗುವುದಿದೆ. ಕಾಲೇಜು ಆಟಗಾರರು ಜಾಹೀರಾತಿನಿಂದ ಗಳಿಸಲು 2021ರಲ್ಲಿ ಅವಕಾಶ ಕೊಟ್ಟ ಟೆಕ್ಸಾಸ್ ಕಾನೂನು, ಇ-ಸಿಗರೇಟಿನ ಪ್ರಚಾರಕ್ಕೆ ಹಣ ಪಡೆಯಕೂಡದು ಎಂದೂ ಹೇಳುತ್ತದೆ.

ಡಬ್ಲಿನ್ ಸದಸ್ಯರು: ಓದುವ ಮಕ್ಕಳಿಗೆ ಹಣದ ರುಚಿ ಹತ್ತಿಸಿದ್ದೇ ತಪ್ಪು.

ಪ್ಲೆಸೆಂಟನ್ ತಂದೆ: ಕ್ರೀಡಾಂಗಣ ತುಂಬಿಸುವವರು ಅವರು, ದುಡ್ಡು ಮಾತ್ರ ಕಾಲೇಜಿಗೋ? 2019ರಲ್ಲಿ ಕ್ಯಾಲಿಫೋರ್ನಿಯಾ ಇಂಥ ಕಾನೂನು ಮಾಡದಿದ್ದರೆ ಇದು ಶುರುವೇ ಆಗುತ್ತಿರಲಿಲ್ಲ. ಅಂದಹಾಗೆ, ನನ್ನ ತಂಗಿಯ ಮಗಳು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕಾಲೇಜಿಗಾಗಿ ಟೆನಿಸ್ ಆಡುತ್ತಾಳೆ. ಅವಳು ಈ ಹಣ ಪಡೆಯಬಹುದೇ?

ಮತ್ತೊಬ್ಬ ತಾಯಿ: ಡಾಕ್ಟರೇ, ವೇಪ್ ಬರೀ ಹಬೆಯಲ್ಲವೇ?

ಡಾಕ್ಟರ್: ಮೇಲೆ ಓದಿ.

ಸ್ಯಾನ್ ಹೋಸೆ ತಾಯಿ: ಆಸ್ಪತ್ರೆಯಲ್ಲಿದ್ದೇವೆ. ಆಮ್ಲಜನಕ ಶೇ. 89ಕ್ಕೆ ಇಳಿದಿದೆ. ದಾಖಲು ಮಾಡಿಕೊಂಡರು.

ಡಾಕ್ಟರ್: ವೇಪ್ ಅವರ ಕೈಗೆ ಕೊಟ್ಟಿರಾ? ನನಗೆ ಫೋನ್ ಮಾಡಿ. ಉಳಿದವರು ಜಗಳ ನಿಲ್ಲಿಸಿ.

ಡಬ್ಲಿನ್ ಸದಸ್ಯರು: ಶುರು ಮಾಡಿದ್ದು ನಾನಲ್ಲ.