ಮೊದಲ ಟರ್ನ್‌ಟೇಬಲ್ ಯಾವುದು ತಗೊಳ್ಳಲಿ? ಮನೆಯಲ್ಲಿ 78, ಇಪಿ, ಎಲ್‌ಪಿ ಮೂರೂ ಇವೆ

ಬ್ಯೂಗಲ್‌ರಾಕ್_ಸಂಜೆ

ಎಲ್ಲರಿಗೂ ನಮಸ್ಕಾರ. ಮನೆಗೆ ಸುಣ್ಣ ಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡಿದೆವು. ತಾತನ ಟ್ರಂಕಿನಲ್ಲಿ ರಾಶಿ ರೆಕಾರ್ಡು ಸಿಕ್ಕಿತು. ಕೆಲವು ದಪ್ಪ, ಭಾರ, ಕೈಯಲ್ಲಿ ಹಿಡಿದರೆ ಪಿಂಗಾಣಿ ತಟ್ಟೆ ಹಿಡಿದ ಹಾಗೆ. ಕೆಲವು ಚಿಕ್ಕವು, ಇಪಿ ಅನ್ನುತ್ತಾರಲ್ಲ ಅವು, ಕನ್ನಡ ಸಿನಿಮಾ ಹಾಡಿನವು. ಮಿಕ್ಕವು ದೊಡ್ಡ ಎಲ್‌ಪಿ, ಹೆಚ್ಚಾಗಿ ಕರ್ನಾಟಕ ಸಂಗೀತ. ಅವನ್ನು ಹಾಕಿ ಕೇಳುವ ಪ್ಲೇಯರ್, ಅಂದರೆ ಟರ್ನ್‌ಟೇಬಲ್ ಮಾತ್ರ ಇಲ್ಲ. ಅಜ್ಜಿಯನ್ನು ಕೇಳಿದರೆ "ಅದು ಯಾವತ್ತೋ ಗುಜರಿಗೆ ಹೋಯ್ತಲ್ಲೇ" ಅನ್ನುತ್ತಾರೆ.

ಸ್ಪೀಕರ್ ಸೇರಿ 30,000 ರೂಪಾಯಿ ಒಳಗೆ ಮುಗಿಸಬೇಕು ಅಂತಿದ್ದೇನೆ. ಆನ್‌ಲೈನ್‌ನಲ್ಲಿ ಸೂಟ್‌ಕೇಸ್ ಥರದ್ದು ನೋಡಿದೆ, ಮುದ್ದಾಗಿದೆ, ಸ್ಪೀಕರ್ ಒಳಗೇ ಇದೆ, 33, 45, 78 (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಸ್ಪೀಡ್) ಮೂರೂ ಓಡುತ್ತದೆ ಅಂತ ಬರೆದಿದ್ದಾರೆ, ಬೆಲೆಯೂ ಕಮ್ಮಿ. ಅದನ್ನೇ ತಗೊಂಡರೆ ಆಗಲ್ವಾ? ಇನ್ನೊಂದು ವಿಷಯ. ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ಮುಂದಿನ ತಿಂಗಳು ಬರುತ್ತಿದ್ದಾರೆ. ಅಲ್ಲಿ ಹಳೇ ಟರ್ನ್‌ಟೇಬಲ್ ಅಗ್ಗಕ್ಕೆ ಸಿಗುತ್ತದಂತೆ, ಒಂದು ತರಲಾ ಅಂತ ಕೇಳಿದರು. ತನ್ನಿ ಅನ್ನಲೋ, ಬೇಡ ಅನ್ನಲೋ?

ಮುಳ್ಳು_ಎರಡು_ಗ್ರಾಂ

ಯಂತ್ರ ಆಮೇಲೆ, ಮೊದಲು ಟ್ರಂಕು ನೋಡಿ ಮೇಡಂ. ಹೆಚ್ಚಿನ ರೆಕಾರ್ಡುಗಳ ಲೇಬಲ್ ಮೇಲೆ ಸ್ಪೀಡ್ ಬರೆದಿರುತ್ತದೆ. ಮೂರು ಗುಂಪು ಮಾಡಿ, 33ರ ಎಲ್‌ಪಿ, 45ರ ಚಿಕ್ಕವು, 78. ಯಾವ ಗುಂಪು ದೊಡ್ಡದು, ಅದರಲ್ಲಿ ನಿಜವಾಗಿ ಕೇಳಬೇಕು ಅನ್ನಿಸುವುದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ದಪ್ಪದವು 78. ಅವು ಎಲ್‌ಪಿಯ ಹಾಗೆ ವಿನೈಲ್ ಪ್ಲಾಸ್ಟಿಕ್ ಅಲ್ಲ, ಶೆಲ್ಲಾಕ್, ಅಂದರೆ ಅರಗು ಬೆರೆಸಿ ಮಾಡಿದ್ದು. ಕೈಜಾರಿದರೆ ಚೂರು. ಎಲ್‌ಪಿ 1948ರಲ್ಲೇ ಬಂದರೂ ನಮ್ಮ ದೇಶದಲ್ಲಿ 60ರ ದಶಕದಲ್ಲೂ 78 ಅಚ್ಚಾಗುತ್ತಲೇ ಇತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿವೆ, ಅವನ್ನು ಹೊರದೇಶದವರು ಈಗ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ನಿಮ್ಮ ತಾತನ ಹತ್ತಿರ 78 ಇರುವುದು ಆಶ್ಚರ್ಯವೇನಲ್ಲ.

ಸಮಸ್ಯೆ ಏನೆಂದರೆ 78ರ ಗೀರು, ಅಂದರೆ ಹಾಡು ಕೊರೆದಿರುವ ಸಣ್ಣ ಕಾಲುವೆ, ಅಗಲ. ಅದಕ್ಕೆ ಬೇಕಾದ ಮುಳ್ಳಿನ ತುದಿ ಇಂಚಿನ ಸಾವಿರದಲ್ಲಿ ಮೂರು ಪಾಲು. ಎಲ್‌ಪಿಗೆ 0.7 ಪಾಲು. ಎಲ್‌ಪಿ ಮುಳ್ಳನ್ನು 78 ಮೇಲೆ ಇಟ್ಟರೆ ಅದು ಗೀರಿನ ತಳಕ್ಕೆ ಕೂರುತ್ತದೆ. ತಳದಲ್ಲಿ ಇರುವುದು ಹಳೇ ಧೂಳು ಮಾತ್ರ, ಹಾಡು ಗೋಡೆಗಳಲ್ಲಿದೆ. ಆದ್ದರಿಂದ "ಮೂರೂ ಓಡುತ್ತದೆ" ಅನ್ನುವ ಮಾತಿಗೆ ಮೋಟಾರು ಮೂರು ವೇಗದಲ್ಲಿ ತಿರುಗುತ್ತದೆ ಅಂತಷ್ಟೇ ಅರ್ಥ. ಸೂಟ್‌ಕೇಸ್‌ಗಳಲ್ಲಿ ಬಹುತೇಕ ಒಂದೇ ಮುಳ್ಳು, ಅಗ್ಗದ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳು ಕೂರಿಸಿರುವ, ಅದರ ನಡುಕವನ್ನು ಸಿಗ್ನಲ್ ಮಾಡುವ ತುಂಡು). ಅದು ರೆಕಾರ್ಡಿನ ಮೇಲೆ ಐದು ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಭಾರ ಹಾಕುತ್ತದೆ. ಒಳ್ಳೆಯ ಕಾರ್ಟ್ರಿಜ್‌ಗೆ ಎರಡು ಗ್ರಾಂ ಸಾಕು. ತಾತ ಜೋಪಾನ ಮಾಡಿದ ಎಲ್‌ಪಿಗಳನ್ನು ಅದಕ್ಕೆ ಕೊಡಬೇಡಿ.

78 ಕೇಳಲೇಬೇಕು ಅಂದರೆ ಆಡಿಯೋ ಟೆಕ್ನಿಕಾ ಕಂಪನಿಯ ಎಲ್‌ಪಿ120ಎಕ್ಸ್ ಟರ್ನ್‌ಟೇಬಲ್ ನೋಡಿ. 33, 45ರ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೆ 78ಕ್ಕೆ ಹೋಗುತ್ತದೆ. ಅದರ ಜೊತೆ ವಿಎಂ95ಇ ಕಾರ್ಟ್ರಿಜ್ ಬರುತ್ತದೆ. ಅದೇ ಸರಣಿಯಲ್ಲಿ 78ಕ್ಕೆ ಅಂತಲೇ ಬೇರೆ ಮುಳ್ಳು ಇದೆ, ಕೈಯಲ್ಲೇ ಎಳೆದು ಬದಲಾಯಿಸಬಹುದು, ಬದಲಾಯಿಸಿದ ಮೇಲೆ ಭಾರ ಮತ್ತೆ ಹೊಂದಿಸಬೇಕು ಅಷ್ಟೇ. ಆದರೆ ನಿಮ್ಮ ಬಜೆಟ್ ಪೂರ್ತಿ ಇದಕ್ಕೇ ಹೋಗುತ್ತದೆ, ಮೇಲೂ ಹೋಗಬಹುದು.

ಒಂದೇ_ಬಟನ್_ಸಾಕು

ಮೇಲಿನವರು ಹೇಳಿದ್ದು ಸರಿ, ಆದರೆ ಹೊಸಬರಿಗೆ ಎಲ್‌ಪಿ120 ಹೇಳುವುದು ನನಗೆ ಒಪ್ಪಿಗೆಯಿಲ್ಲ. ಸ್ಪೀಕರ್‌ಗೆ ದುಡ್ಡೇ ಉಳಿಯಲ್ಲ, ಆಮೇಲೆ ಕಂಪ್ಯೂಟರ್ ಪಕ್ಕದ ಡಬ್ಬಾ ಸ್ಪೀಕರ್‌ಗೆ ಜೋಡಿಸಿ "ವಿನೈಲ್ ಅಂದರೆ ಇಷ್ಟೇನಾ" ಅಂತಾರೆ. ಅದೇ ಕಂಪನಿಯ ಎಲ್‌ಪಿ60ಎಕ್ಸ್ ತಗೊಳ್ಳಿ. ಪೂರ್ತಿ ಆಟೋಮ್ಯಾಟಿಕ್, ಸ್ಟಾರ್ಟ್ ಒತ್ತಿದರೆ ಮುಳ್ಳಿನ ಕೈ ತಾನೇ ಎದ್ದು ಹೋಗಿ ಕೂರುತ್ತದೆ, ಮುಗಿದ ಮೇಲೆ ತಾನೇ ವಾಪಸ್ ಬರುತ್ತದೆ. ಅಜ್ಜಿಯೂ ಹಾಕಿಕೊಂಡು ಕೇಳಬಹುದು, ಅದು ಸಣ್ಣ ವಿಷಯ ಅಲ್ಲ. 33 ಮತ್ತು 45 ಮಾತ್ರ ಓಡುತ್ತದೆ, 78 ಇಲ್ಲ. ಭಾರ ಹೊಂದಿಸುವ ಗೋಜೂ ಇಲ್ಲ, ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಉಳಿದ ದುಡ್ಡಿಗೆ ಒಳಗೇ ಆಂಪ್ಲಿಫೈಯರ್ ಇರುವ ಒಂದು ಜೊತೆ ಒಳ್ಳೆ ಸ್ಪೀಕರ್.

ಹಿಂದೆ ಒಂದು ಪುಟ್ಟ ಸ್ವಿಚ್ ಇದೆ, ಫೋನೋ ಮತ್ತು ಲೈನ್ ಅಂತ. ಇದನ್ನು ಯಾರೂ ಸರಿಯಾಗಿ ಹೇಳಿಕೊಡಲ್ಲ. ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಜೊತೆಗೆ ರೆಕಾರ್ಡ್ ಕೊರೆಯುವಾಗ ಬೇಸ್ ಇಳಿಸಿ ಟ್ರೆಬಲ್ ಏರಿಸಿರುತ್ತಾರೆ, ಇಲ್ಲದಿದ್ದರೆ ಗೀರುಗಳು ಒಂದಕ್ಕೊಂದು ತಾಗುವಷ್ಟು ಅಗಲವಾಗುತ್ತವೆ. ಕೇಳುವಾಗ ಅದನ್ನು ತಿರುಗಾ ಸರಿಮಾಡಬೇಕು. ಅದೇ ಫೋನೋ ಪ್ರೀಆಂಪ್‌ನ ಕೆಲಸ. ಅದಿಲ್ಲದೆ ನೇರವಾಗಿ ಜೋಡಿಸಿದರೆ ಮೃದಂಗದ ಎಡಗೈ ಕೇಳಿಸುವುದೇ ಇಲ್ಲ, ತಂಬೂರಿ ಮಾತ್ರ ಕಿವಿಗೆ ಚುಚ್ಚುತ್ತದೆ, ಒಟ್ಟು ಸದ್ದೂ ಪಿಸುಮಾತು. ಈ ಯಂತ್ರದಲ್ಲಿ ಪ್ರೀಆಂಪ್ ಒಳಗೇ ಇದೆ, ಸ್ವಿಚ್ ಲೈನ್ ಕಡೆ ಇಡಿ. ನಿಮ್ಮ ಮನೆಯಲ್ಲಿ ಹಳೇ ಆಂಪ್ಲಿಫೈಯರ್ ಇದ್ದು ಅದರ ಬೆನ್ನಲ್ಲಿ ಫೋನೋ ಅಂತ ತೂತು ಇದ್ದರೆ ಆಗ ಮಾತ್ರ ಸ್ವಿಚ್ ಫೋನೋ ಕಡೆ. ಎರಡೂ ಕಡೆ ಪ್ರೀಆಂಪ್ ಓಡಿಸಿದರೆ ಹಾಡು ಹರಿದುಹೋಗುತ್ತದೆ.

78ಗಳನ್ನು ಯಾರಾದರೂ ಸರಿಯಾದ ಸಾಮಾನು ಇರುವವರ ಹತ್ತಿರ ಒಮ್ಮೆ ಕಂಪ್ಯೂಟರ್‌ಗೆ ಇಳಿಸಿಸಿಕೊಳ್ಳಿ. ಒಂದು ಬದಿಗೆ ಮೂರು ನಾಲ್ಕು ನಿಮಿಷ ತಾನೇ, ದಿನಾ ಎದ್ದು ಮಗುಚುತ್ತಾ ಕೂರುವವರು ಯಾರು?

ಮುಳ್ಳು_ಎರಡು_ಗ್ರಾಂ

ಮಗುಚುವುದರಲ್ಲೇ ಮಜಾ ಇರುವುದು ಗುರು. ಆದರೆ ಸ್ಪೀಕರ್ ವಿಷಯ ಒಪ್ಪಿದೆ.

ಎಸ್‌ಪಿ_ರೋಡ್_ಸುತ್ತಾಟ

ಭಾವನ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಮುಟ್ಟಲೇ ಇಲ್ಲ.

ಅವರು ತರುವ ಮುಂಚೆ ಯಂತ್ರದ ಬೆನ್ನಿನ ಫೋಟೋ ಕಳಿಸಲು ಹೇಳಿ. ಅಡಾಪ್ಟರ್ ಮೇಲೆ 100-240 ವೋಲ್ಟ್, 50/60 ಹರ್ಟ್ಸ್ ಅಂತ ಇದ್ದರೆ ಕಣ್ಣುಮುಚ್ಚಿ ತರಿಸಿ. 120 ವೋಲ್ಟ್, 60 ಹರ್ಟ್ಸ್ ಅಂತ ಮಾತ್ರ ಇದ್ದರೆ ಹುಷಾರು, ಅದು ಅಮೆರಿಕದ ಕರೆಂಟಿಗೆ ಮಾಡಿದ್ದು. ಎಲ್ಲರೂ "ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡರೆ ಆಯ್ತು" ಅಂತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಾಯಿಸುವುದಿಲ್ಲ. ಹಳೇ ಬೆಲ್ಟ್ ಡ್ರೈವ್‌ಗಳಲ್ಲಿ (ರಬ್ಬರ್ ಪಟ್ಟಿಯಿಂದ ತಟ್ಟೆ ತಿರುಗಿಸುವವು) ಮೋಟಾರು ಎಷ್ಟೋ ಸಲ ಎಸಿ ಸಿಂಕ್ರೊನಸ್, ಅಂದರೆ ಕರೆಂಟಿನ ಹರ್ಟ್ಸ್ ಹಿಡಿದೇ ತಿರುಗುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ 33⅓ರ ಬದಲು ನಿಮಿಷಕ್ಕೆ ಸುಮಾರು 28 ಸುತ್ತು. ಐದು ಮನೆ ಶ್ರುತಿಯಲ್ಲಿ ಹಾಡಿದವರು ಮೂರು ಮನೆಗೆ ಇಳಿದು ತೂಕಡಿಸುತ್ತಾ ಹಾಡುತ್ತಾರೆ. ಕೆಲವು ಮಾಡೆಲ್‌ಗೆ 50 ಹರ್ಟ್ಸ್‌ನ ಬೇರೆ ಪುಲ್ಲಿ ಇರುತ್ತದೆ, ಅದನ್ನು ಹುಡುಕಿಕೊಂಡು ಅಲೆಯುವುದು ಹೊಸಬರ ಕೆಲಸ ಅಲ್ಲ. ಕ್ವಾರ್ಟ್ಜ್ ಲಾಕ್ ಇರುವ ಹಳೇ ಜಪಾನಿ ಡೈರೆಕ್ಟ್ ಡ್ರೈವ್ (ಮೋಟಾರೇ ನೇರ ತಟ್ಟೆ ತಿರುಗಿಸುವುದು) ಆದರೆ ವೇಗವನ್ನು ಅದರೊಳಗಿನ ಸರ್ಕ್ಯೂಟ್ ನೋಡಿಕೊಳ್ಳುತ್ತದೆ, ಅದಕ್ಕೆ ಟ್ರಾನ್ಸ್‌ಫಾರ್ಮರ್ ಸಾಕು. ಆದರೆ ಅದರ ಭಾರ ನೋಡಿದರೆ ಭಾವ ಲಗೇಜಿನಲ್ಲಿ ಬೇರೇನೂ ತರಲ್ಲ.

ಇಲ್ಲಿನ ಹಳೇ ಎಚ್‌ಎಂವಿ ಪೆಟ್ಟಿಗೆ ಪ್ಲೇಯರ್‌ಗಳ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಶೋಕೇಸಿಗೆ ಚೆನ್ನ. ಆ ಕಾಲದ ಕ್ರಿಸ್ಟಲ್ ಕಾರ್ಟ್ರಿಜ್‌ಗಳಿಗೆ ತೇವ ಅಂದರೆ ಆಗಿಬರಲ್ಲ, ಇಷ್ಟು ಮಳೆಗಾಲ ಕಂಡ ಮೇಲೆ ಬಹುತೇಕ ಸತ್ತೇ ಇರುತ್ತವೆ. ಒಳಗಿನ ರಬ್ಬರ್ ಚಕ್ರ ಕಲ್ಲಾಗಿರುತ್ತದೆ. ರಿಪೇರಿ ಕೈಚಳಕ ಇದ್ದರೆ ಮಾತ್ರ ಕೈ ಹಾಕಿ.

ಬ್ಯೂಗಲ್‌ರಾಕ್_ಸಂಜೆ

ಎಲ್ಲರಿಗೂ ಥ್ಯಾಂಕ್ಸ್. ಟ್ರಂಕು ವಿಂಗಡಿಸಿದೆ. ಎಲ್‌ಪಿಯೇ ಜಾಸ್ತಿ, ಆಮೇಲೆ 45ರ ಚಿಕ್ಕವು, 78 ಒಂದು ಹಿಡಿ. ಹಾಗಾದರೆ ಎಲ್‌ಪಿ60ಎಕ್ಸ್ ಕಡೆಗೇ ಮನಸ್ಸು ವಾಲುತ್ತಿದೆ. ಭಾವನಿಗೆ ಬಾದಾಮಿ ಮಾತ್ರ ತನ್ನಿ ಅಂತ ಹೇಳಿದ್ದೇನೆ.

ಮೂರು ಅನುಮಾನ ಉಳಿದಿವೆ. ಚಿಕ್ಕವುಗಳ ಮೇಲೆ ಬಿಳಿ ಚುಕ್ಕೆ ಚುಕ್ಕೆ ಇದೆ, ಬೂಷ್ಟು ಅನ್ನಿಸುತ್ತದೆ. ಹೇಗೆ ತೊಳೆಯುವುದು? ಎಲ್ಲಿ ಇಡುವುದು? ಆಮೇಲೆ ಹೊಸದಾಗಿ ರೆಕಾರ್ಡು ಕೊಳ್ಳಬೇಕು ಅಂದರೆ ಬೆಂಗಳೂರಲ್ಲಿ ಎಲ್ಲಿ? ಭಾವಗೀತೆ ಎಲ್‌ಪಿ ಸಿಗುತ್ತದಾ?

ಭಾನುವಾರದ_ಸಂತೆ

ಭಾವಗೀತೆ ಕಷ್ಟ. ಆ ಅಲೆ ಎದ್ದದ್ದೇ ಕ್ಯಾಸೆಟ್ ಮೇಲೆ, ಎಲ್‌ಪಿ ಕಡಿಮೆ. ಕನ್ನಡ ಸಿನಿಮಾ ಹಾಡು ಬೇಕಾದರೆ ಏಳಿಂಚಿನ ಇಪಿಗಳಲ್ಲಿ ಹುಡುಕಿ, ಹಾಡೆಲ್ಲ ಹೆಚ್ಚಾಗಿ ಅವುಗಳಲ್ಲೇ ಬಂದಿವೆ, ಎರಡು ಬದಿಗೆ ಸೇರಿ ಮೂರು ನಾಲ್ಕು ಹಾಡು.

ಭಾನುವಾರ ಬೆಳಗ್ಗೆ ಬೇಗ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿ. ಹಳೇ ಸಾಮಾನಿನ ರಾಶಿಯಲ್ಲಿ ಕೆಲವು ಸಲ ರೆಕಾರ್ಡಿನ ಕಟ್ಟು ಇರುತ್ತದೆ, ಕೆಲವು ಸಲ ಏನೂ ಇರಲ್ಲ. ಕವರ್ ನೋಡಿ ಮರುಳಾಗಬೇಡಿ, ಒಳಗೆ ಬೇರೆಯದೇ ರೆಕಾರ್ಡು ಇರುವುದು ಮಾಮೂಲು. ಹೊರಗೆ ತೆಗೆದು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ, ಸೊಟ್ಟ ಇದ್ದರೆ ತಕ್ಷಣ ಕಾಣುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಉಗುರಿಗೆ ಸಿಗದ ತೆಳು ಗೆರೆಗಳಿಗೆ ಹೆದರಬೇಡಿ, ಸಿಗುವ ಗೆರೆ ಇದ್ದರೆ ಟಕ್ ಟಕ್ ಅನ್ನುವುದು ಗ್ಯಾರಂಟಿ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಗೀಚು ಗೀಚು ಇದ್ದರೆ ಅದು ತುಂಬಾ ಸಲ ಓಡಿದ ರೆಕಾರ್ಡು, ಕತ್ತಲಲ್ಲಿ ತಡಕಾಡಿ ಹಾಕಿದವರು ಬಿಟ್ಟ ಗುರುತು ಅದು. ಇವೆಲ್ಲ ನೋಡಿ ಆಮೇಲೆ ಚೌಕಾಸಿ. ಹೊಸ ಎಲ್‌ಪಿ ಬೇಕಾದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ಒಂದಕ್ಕೆ ಎರಡು ಸಾವಿರದ ಮೇಲೆ ಕೊಡಲು ತಯಾರಿರಬೇಕು. ಟ್ರಂಕು ತುಂಬ ಇಟ್ಟುಕೊಂಡು ಈಗಲೇ ಯಾಕೆ ಕೊಳ್ಳುತ್ತೀರಿ?

ಬೂಷ್ಟು ತೊಳೆಯಬಹುದು. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಉಪ್ಪಿನ ಕಲೆ ಗೀರಿನಲ್ಲಿ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಗೀರಿನ ದಿಕ್ಕಿನಲ್ಲೇ ಸುತ್ತ ಒರೆಸಿ. ಅಡ್ಡಡ್ಡ ಉಜ್ಜಬಾರದು. ಲೇಬಲ್‌ಗೆ ನೀರು ತಾಗಿಸಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಮ್ಮೆ ಒರೆಸಿ, ಫ್ಯಾನ್ ಕೆಳಗೆ ಸ್ಟೀಲ್ ಪಾತ್ರೆ ಸ್ಟ್ಯಾಂಡಲ್ಲಿ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳ. ಹಳೇ ಒಳಕವರ್ ಎಸೆದುಬಿಡಿ, ಬೂಷ್ಟು ಅದರಲ್ಲೂ ಇರುತ್ತದೆ, ಹೊಸದು ಹಾಕದಿದ್ದರೆ ತೊಳೆದದ್ದು ದಂಡ.

ಇಡುವುದು ಪುಸ್ತಕದ ಹಾಗೆ ನೆಟ್ಟಗೆ. ಒಂದರ ಮೇಲೊಂದು ಪೇರಿಸಬಾರದು. ಅಟ್ಟಕ್ಕೆ ವಾಪಸ್ ಹಾಕಲೇಬೇಡಿ, ಏಪ್ರಿಲ್‌ನಲ್ಲಿ ತಾರಸಿ ಕೆಳಗಿನ ಕಾವು ಸಾಮಾನ್ಯದ್ದಲ್ಲ. ಹೊರಗೋಡೆಗೆ ತಾಗಿಸಿಯೂ ಬೇಡ, ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತದೆ.

ಒಂದೇ_ಬಟನ್_ಸಾಕು

ಟರ್ನ್‌ಟೇಬಲ್ ಮತ್ತು ಸ್ಪೀಕರ್ ಒಂದೇ ಮೇಜಿನ ಮೇಲೆ ಬೇಡ, ಸ್ಪೀಕರಿನ ನಡುಕ ಮುಳ್ಳಿಗೆ ಹೋಗಿ ಗುಂಯ್ ಅನ್ನುತ್ತದೆ. ಅಡುಗೆಮನೆ ಕೆಲಸದಲ್ಲಿ ಉಳಿದ ಕಡಪ ಕಲ್ಲಿನ ತುಂಡು ಇದ್ದರೆ ಕೆಳಗೆ ಹಾಕಿ, ಮೇಲೆ ಮೇಸ್ತ್ರಿಯ ರಸಮಟ್ಟ ಇಟ್ಟು ನೋಡಿ. ಮನೆಯಲ್ಲಿ ಬಣ್ಣದ ಕೆಲಸ ನಡೀತಿದೆ ಅಂದಿರಲ್ಲ, ಗೋಡೆಯ ಪುಟ್ಟಿ ಉಜ್ಜುವುದು ಪೂರ್ತಿ ಮುಗಿಯುವ ತನಕ ಪೆಟ್ಟಿಗೆ ಬಿಚ್ಚಲೇಬೇಡಿ. ಮುಳ್ಳು ವಜ್ರದ್ದೇ ಆದರೂ ಸವೆಯುತ್ತದೆ, 300ರಿಂದ 500 ಗಂಟೆ ಓಡಿದ ಮೇಲೆ ಬದಲಾಯಿಸಿ. ಹೊಸ ಮುಳ್ಳು ಬೇರೆಯಾಗಿಯೇ ಸಿಗುತ್ತದೆ.

ಮುಳ್ಳು_ಎರಡು_ಗ್ರಾಂ

ಒಂದು ಮಾತು ಸೇರಿಸಲೇಬೇಕು. ಎಲ್‌ಪಿ ತೊಳೆಯಲು ಕೆಲವರು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಅಂತಾರೆ, ವಿನೈಲ್‌ಗೆ ಸ್ವಲ್ಪ ಪರವಾಗಿಲ್ಲ. 78ಕ್ಕೆ ಮಾತ್ರ ಸ್ಪಿರಿಟ್ ಜಾತಿಯ ಯಾವುದನ್ನೂ ಮುಟ್ಟಿಸಬೇಡಿ, ಅರಗು ಕರಗಿ ಗೀರೇ ಅಳಿಸಿಹೋಗುತ್ತದೆ. ನಿಮ್ಮ ಆ ಒಂದು ಹಿಡಿ 78ರ ಲೇಬಲ್ ಫೋಟೋ ಇಲ್ಲಿ ಹಾಕಿ ಮೇಡಂ, ಏನಿದೆ ನೋಡೋಣ. ಅವನ್ನು ಕಂಪ್ಯೂಟರ್‌ಗೆ ಇಳಿಸಿಕೊಡುವ ವ್ಯವಸ್ಥೆ ನನ್ನ ಹತ್ತಿರ ಇದೆ, ಮಲ್ಲೇಶ್ವರಕ್ಕೆ ತರುವುದಾದರೆ ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ನಿಲ್ಲಿಸಿಕೊಂಡೇ ತನ್ನಿ.